ಉಷ್ಣ ಅಂದವರಿಗೆ ಮಜ್ಜಿಗೆ

ಮೂವತ್ತೊಂದು ವರ್ಷ ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತಿದ್ದೆ. ಅರಕಲಗೂಡಿನಲ್ಲಿ ಶುರುವಾಗಿ, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯೆಲ್ಲ ತಿರುಗಿ, ಹಾಸನದಲ್ಲಿ ಮುಗಿಯಿತು. ಆಗ ನಮ್ಮನ್ನು ಫಾರ್ಮಸಿಸ್ಟ್ ಅನ್ನುತ್ತಿದ್ದರು, ಈಗ ಫಾರ್ಮಸಿ ಅಧಿಕಾರಿ ಅನ್ನುತ್ತಾರೆ. ಜನ ಮಾತ್ರ ಅವತ್ತಿಗೂ ಇವತ್ತಿಗೂ ಕಾಂಪೌಂಡರ್ ಅಂತಲೇ ಕರೆಯುತ್ತಾರೆ. ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ಕೈದು ಜನ ಮನೆಗೆ ಬಂದು, "ನಿಮ್ಮ ಅನುಭವ ಬರೆದುಕೊಡಿ ಸರ್" ಅಂದರು. ಹಿರಿಯರ ಅನುಭವ ಅಂದರೆ ಏನೋ ಹೆಮ್ಮೆಯದ್ದು ಇರುತ್ತದೆ ಅಂದುಕೊಂಡಿದ್ದಾರೆ, ಪಾಪ.

ನಾನು ಬರೆಯುತ್ತಿರುವುದು ಒಂದು ಖಾನೆಯ ವಿಚಾರ. ನಮ್ಮ ತಿಂಗಳ ವರದಿಯಲ್ಲಿ 'ಔಷಧಿಯಿಂದ ಆದ ತೊಂದರೆ' ಅಂತ ಒಂದು ಖಾನೆ ಇರುತ್ತದೆ. ಅದರಲ್ಲಿ ನಾನು, ಒಂದೇ ಒಂದು ಸಲ ಬಿಟ್ಟು, ಸೇವೆಯುದ್ದಕ್ಕೂ ಸುಳ್ಳು ತುಂಬಿದೆ. ಅದರಿಂದ ಒಬ್ಬ ಹೆಂಗಸಿಗೆ ಅನ್ಯಾಯವಾಯಿತು. ಕಣ್ಣು ಹೋಗಿದ್ದು ಒಂದು ಅನ್ಯಾಯ, ಅದಕ್ಕಿಂತ ದೊಡ್ಡದು ಇನ್ನೊಂದು. ಅದನ್ನು ಹೇಳಿಯೇ ಈ ಬರಹ ಮುಗಿಸುತ್ತೇನೆ. ನನ್ನನ್ನು ಬೈದುಕೊಳ್ಳುತ್ತ ಓದಿದರೂ ಬೇಜಾರಿಲ್ಲ.

ಅರಕಲಗೂಡಿನ ಕಡೆ ನನಗೆ ಕೆಲಸ ಕಲಿಸಿದವರು ಪುಟ್ಟಸ್ವಾಮಿಗೌಡರು ಅಂತ ಹಿರಿಯ ಫಾರ್ಮಸಿಸ್ಟು. ಒಳ್ಳೆಯ ಮನುಷ್ಯ, ಮಾತ್ರೆ ಎಣಿಸುವುದರಲ್ಲಿ ಅವರ ಬೆರಳು ಒಂದು ದಿನವೂ ತಪ್ಪಿದ್ದಿಲ್ಲ. ಮೊದಲನೇ ತಿಂಗಳ ವರದಿ ಬರೆಯುವಾಗ ಆ ಖಾನೆಯ ಮುಂದೆ ನಾನು ಪೆನ್ನು ಹಿಡಿದು ಯೋಚಿಸುತ್ತ ಕೂತಿದ್ದೆ. ಆ ವಾರವಷ್ಟೇ ಒಬ್ಬನಿಗೆ ನಾವು ಕೊಟ್ಟ ಮಾತ್ರೆಯಿಂದ ಮೈಯೆಲ್ಲ ದದ್ದು ಎದ್ದಿತ್ತು.

"ಅಲ್ಲಿ 'ಇಲ್ಲ' ಅಂತ ಬರಿಯಪ್ಪ" ಅಂದರು ಗೌಡರು. "'ಐತೆ' ಅಂತ ಬರುದ್ಯೋ, ಮೇಲಿಂದ ಅತ್ತು ಕಾಗದ ಬತ್ತವೆ. ಯಾವ ಮಾತ್ರೆ, ಯಾವ ಬ್ಯಾಚು, ಯಾರು ಬರುದ್ರು, ನೀನ್ಯಾಕೆ ಕೊಟ್ಟೆ. ದದ್ದು ಎದ್ದೋನು ಮನೆಗೋಗಿ ಆರಾಮಾಗಿ ಮಲಗಿರ್ತಾನೆ, ನೀನು ಉತ್ತರ ಬರ್ಕೊಂಡು ಕೂತಿರ್ತೀಯ."

ನಾನು 'ಇಲ್ಲ' ಅಂತ ಬರೆದೆ. ಗೌಡರದು ಇನ್ನೂ ಒಂದು ಹೆಜ್ಜೆ ಮುಂದೆ. ಏಪ್ರಿಲ್ ತಿಂಗಳಲ್ಲೇ ಇಡೀ ವರ್ಷದ ಹನ್ನೆರಡು ನಮೂನೆಗೂ ಆ ಖಾನೆ ತುಂಬಿ ಕಟ್ಟಿ ಇಟ್ಟುಬಿಡುತ್ತಿದ್ದರು. ಒಂದು ವರ್ಷ ಜುಲೈಗೆ ಬದಲು ಡಿಸೆಂಬರಿನ ನಮೂನೆ ಹೋಗಿಬಿಟ್ಟಿತು. ಡಾಕ್ಟರು ರುಜು ಹಾಕಿದರು, ಹಾಸನದಲ್ಲಿ ತೆಗೆದುಕೊಂಡು ಮುದ್ರೆ ಒತ್ತಿ ಕಳಿಸಿದರು. ಇನ್ನೂ ಬಾರದ ತಿಂಗಳಲ್ಲಿ ಯಾರಿಗೂ ತೊಂದರೆಯಾಗಿಲ್ಲ ಅಂತ ಸರ್ಕಾರ ಒಪ್ಪಿಕೊಂಡಿತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ನಗು ಬರುವುದಿಲ್ಲ.

ಚನ್ನರಾಯಪಟ್ಟಣದ ಕಡೆ ಇದ್ದಾಗ ನನಗೆ ತಿದ್ದಿಕೊಳ್ಳಲು ಒಂದು ಅವಕಾಶ ಸಿಕ್ಕಿತ್ತು. ಅಲ್ಲಿ ಹೊಸದಾಗಿ ಬಂದ ಡಾಕ್ಟರ್ ಮೇಡಂ ಒಬ್ಬರು ರೋಗಿಯನ್ನು ಕೂರಿಸಿಕೊಂಡು ಪೂರ್ತಿ ಕೇಳುವವರು. ನುಗ್ಗೇಹಳ್ಳಿಯಿಂದ ಸಣ್ಣಪ್ಪ ಅಂತ ಒಬ್ಬ ಮುದುಕ ಬಿಪಿ ಮಾತ್ರೆಗೆ ಬರುತ್ತಿದ್ದ. ಅವನಿಗೆ ಏಳು ತಿಂಗಳಿಂದ ಒಣಕೆಮ್ಮು. ಬಂದಾಗಲೆಲ್ಲ ನಾನೇ ಒಂದು ಬಾಟಲಿ ಕೆಮ್ಮಿನ ಔಷಧಿಯನ್ನೂ ಕೈಗೆ ಕೊಡುತ್ತಿದ್ದೆ. ಒಂದು ದಿನ ಮೇಡಂ ಅವನನ್ನು ಕರೆದುಕೊಂಡು ಕಿಟಕಿಗೇ ಬಂದರು. "ನೋಡ್ರೀ, ಕೆಮ್ಮು ಬರಿಸ್ತಿರೋದೇ ನಿಮ್ಮ ಬಿಪಿ ಮಾತ್ರೆ. ಒಂದು ಕೈಯಲ್ಲಿ ಕೆಮ್ಮು ಕೊಡ್ತೀರಿ, ಇನ್ನೊಂದು ಕೈಯಲ್ಲಿ ಸಿರಪ್ಪು ಕೊಡ್ತೀರಿ" ಅಂದರು. ಮಾತ್ರೆ ಬದಲಾಯಿಸಿದ ಮೇಲೆ ಸಣ್ಣಪ್ಪನ ಕೆಮ್ಮು ನಿಂತುಹೋಯಿತು.

ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. "ನೀವು ಕೊಟ್ಟ ಸಿರಪ್ಪು ರುಚಿಯಾಗಿತ್ತು ಬುಡಿ ಸಾ" ಅಂದ.

ಮೇಡಂ ಪಟ್ಟುಹಿಡಿದು ನನ್ನಿಂದ ವರದಿ ಬರೆಸಿದರು. ನಾಲ್ಕು ಪುಟದ ನಮೂನೆ. ಅದನ್ನು ಕಳಿಸಿ ಎರಡು ವಾರಕ್ಕೆ ಮೇಲಿನ ಕಚೇರಿಯಿಂದ ಫೋನು ಬಂತು. "ಏನ್ರೀ, ಜಿಲ್ಲೆಗೆಲ್ಲ ಇಲ್ಲದ್ದು ನಿಮ್ಮಲ್ಲಿ ಮಾತ್ರ ಇದೆಯಾ? ಔಷಧಿ ಸರಿಯಾಗಿ ಇಡ್ತಿದ್ದೀರೋ ಇಲ್ವೋ?" ಬೈದವರು ಯಾರು ಅನ್ನುವುದು ಈಗ ಬೇಡ, ಆ ವರದಿ ಯಾಕೆ ಬೇಕು ಅನ್ನುವುದು ಅವರಿಗೂ ಗೊತ್ತಿರಲಿಲ್ಲ. ಪುಟ್ಟಸ್ವಾಮಿಗೌಡರ ಮಾತೇ ನಿಜ ಅಂತ ನಾನು ನಿರ್ಧಾರ ಮಾಡಿದೆ. ಮೇಡಂಗೆ ವರ್ಗವಾಯಿತು. ಮುಂದಿನ ತಿಂಗಳಿಂದ ಮತ್ತೆ 'ಇಲ್ಲ'.

ಆಮೇಲೆ ಹೊಳೆನರಸೀಪುರದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹೋದೆ. ಅದರ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ. ಅಲ್ಲಿರುವಾಗಲೇ ಕಾಗದ ಹೋಗಿ ಮೊಬೈಲು ಬಂತು. ಹಾಸನದಲ್ಲಿ ಒಂದು ದಿನ ತರಬೇತಿ. ಆ್ಯಪ್ ತೆರೆದರೆ ಮೊದಲು ಔಷಧಿ ಆರಿಸಬೇಕು, ಆಮೇಲೆ ಏನು ತೊಂದರೆ ಅನ್ನುವುದನ್ನು ಒಂದು ಉದ್ದನೆ ಪಟ್ಟಿಯಿಂದ ಆರಿಸಬೇಕು. ಪಟ್ಟಿಯೆಲ್ಲ ಇಂಗ್ಲಿಷು, ಅದೂ ಡಾಕ್ಟರ ಇಂಗ್ಲಿಷು. ಇಷ್ಟೆಲ್ಲ ಬೇಡದವರಿಗೆ ಪುಟದ ಕೊನೆಯಲ್ಲಿ ಒಂದು ಹಸಿರು ಗುಂಡಿ: 'ಈ ತಿಂಗಳು ಯಾವುದೂ ಇಲ್ಲ'. ಒಂದು ಸಲ ಒತ್ತಿದರೆ ತಿಂಗಳ ಕೆಲಸ ಮುಗಿಯಿತು. ಮೊದಲು 'ಇಲ್ಲ' ಅಂತ ಬರೆಯಲಿಕ್ಕಾದರೂ ಪೆನ್ನು ಹುಡುಕಬೇಕಿತ್ತು. ಈಗ ಬಸ್ಸಿನಲ್ಲಿ ನಿಂತುಕೊಂಡೇ ಹೆಬ್ಬೆರಳಿನಲ್ಲಿ ಸುಳ್ಳು ಹೇಳಬಹುದಾಗಿತ್ತು. ತಿಂಗಳ ಮೊದಲನೇ ತಾರೀಕು ಬೆಳಿಗ್ಗೆ ಒಂಬತ್ತರೊಳಗೆ ಒತ್ತುತ್ತಿದ್ದೆ.

ರತ್ನಮ್ಮ ಬಂದಿದ್ದು ಆಗ. ಹಳ್ಳಿ ಮೈಸೂರು ಅನ್ನುವ ಊರಿನ ಕಡೆಯವರು, ವಯಸ್ಸು ಮೂವತ್ತೈದರ ಮೇಲಿರಬಹುದು. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರು. ಎರಡು ಸಲ ಫಿಟ್ಸ್ ಬಂದಿತ್ತು ಅಂತ ಡಾಕ್ಟರು ಹೊಸ ಮಾತ್ರೆ ಬರೆದಿದ್ದರು. ಅದನ್ನು ಶುರುಮಾಡಿ ಮೂರನೇ ವಾರಕ್ಕೆ ಕಿಟಕಿಗೆ ಬಂದರು. ಸಂತೆಯ ದಿನ, ಹಿಂದೆ ಉದ್ದನೆ ಸಾಲು.

"ಮಾತ್ರೆ ಸ್ಯಾನೆ ಉಷ್ಣ ಕಣ್ಸಾ" ಅಂದರು. "ಬಾಯೆಲ್ಲಾ ಉಣ್ಣಾಗೈತೆ. ಕಣ್ಣು ಉರೀತವೆ. ಎಲ್ಡು ದಿನದಿಂದ ಜರಾನೂ ಬಂದಂಗೈತೆ."

ನಾನು ತಲೆ ಎತ್ತಲಿಲ್ಲ. "ಫಿಟ್ಸ್ ಮಾತ್ರೆ ಉಷ್ಣ ಆಗದೆ ತಂಪಾಗುತ್ತೇನಮ್ಮ? ಮಜ್ಜಿಗೆ ಕುಡಿ, ಎಳನೀರು ಕುಡಿ. ಮಾತ್ರೆ ಮಾತ್ರ ಒಂದು ಹೊತ್ತೂ ಬಿಡಬೇಡ. ಬಿಟ್ಟರೆ ಮತ್ತೆ ಫಿಟ್ಸ್ ಬರುತ್ತೆ" ಅಂದೆ.

"ಆಯ್ತು ಸಾ."

ಇನ್ನೂ ಹದಿನೈದು ದಿನಕ್ಕಾಗುವಷ್ಟು ಎಣಿಸಿ ಕೊಟ್ಟೆ.

ನಮ್ಮ ಕಡೆ ಉಷ್ಣ ಅನ್ನುವುದು ಎಲ್ಲದಕ್ಕೂ ಬರುವ ಮಾತು. ಬಾಯಿಹುಣ್ಣಿಗೂ ಉಷ್ಣ, ಉರಿಮೂತ್ರಕ್ಕೂ ಉಷ್ಣ, ಕೂದಲು ಉದುರಿದರೂ ಉಷ್ಣ. ದಿನಕ್ಕೆ ಇಪ್ಪತ್ತು ಜನ ಹೇಳಿದರೆ ಹತ್ತೊಂಬತ್ತು ಜನರದು ಮಜ್ಜಿಗೆಗೆ ಹೋಗುವಂಥದ್ದೇ ಇರುತ್ತದೆ. ಹಾಗಾಗಿ ಆ ಮಾತು ನಮ್ಮ ಕಿವಿಗೆ ಬೀಳುವುದು ನಿಂತುಹೋಗಿರುತ್ತದೆ. ನಾವೂ ಅದೇ ಮಣ್ಣಿನವರು, ನಮ್ಮ ಅಮ್ಮಂದಿರೂ ಮಜ್ಜಿಗೆಯನ್ನೇ ಹೇಳಿದವರು. ಫಿಟ್ಸ್ ಮಾತ್ರೆಯನ್ನು ತಾನಾಗಿ ಬಿಡಬಾರದು ಅನ್ನುವುದೂ ನಿಜವೇ. ಆದರೆ ಹೊಸದಾಗಿ ಶುರುವಾದ ಮಾತ್ರೆ, ಜ್ವರ, ಬಾಯಿಹುಣ್ಣು, ಕಣ್ಣುರಿ ಎಲ್ಲ ಒಟ್ಟಿಗೆ ಬಂದರೆ ಮಾತ್ರೆ ಕೊಡುವ ಕೈ ಅಲ್ಲೇ ನಿಲ್ಲಬೇಕು, ರೋಗಿಯನ್ನು ಆ ಕ್ಷಣವೇ ಡಾಕ್ಟರ ಮುಂದೆ ಕೂರಿಸಬೇಕು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಡಾಕ್ಟರ ಕೋಣೆ ನನ್ನ ಕಿಟಕಿಯಿಂದ ಹತ್ತು ಹೆಜ್ಜೆ ದೂರವಿತ್ತು.

ಒಂದು ತಿಂಗಳಿಗೆ ಅವರ ಗಂಡ ಶಿವಣ್ಣ ಕಣ್ಣಿನ ಡ್ರಾಪ್ಸ್ ಕೇಳಿಕೊಂಡು ಬಂದ. ನಾನು ಸುಮ್ಮನೆ ಯಾರಿಗೆ ಅಂತ ಕೇಳಿದೆ.

"ನಮ್ಮೋಳಿಗೆ ಸಾ. ಇಲ್ಲಿಂದ ಓದ ನಾಕು ದಿನುಕ್ಕೆ ಮೈಯೆಲ್ಲಾ ಬೊಬ್ಬೆ ಎದ್ದು ಚರ್ಮ ಸುಲುದೋಯ್ತು. ಆಸನದ ದೊಡ್ಡಾಸ್ಪತ್ರೇಲಿ ಇಪ್ಪತ್ತು ದಿನ ಇದ್ವಿ. ಜೀವ ಉಳೀತು, ಕಣ್ಣು ಮಬ್ಬಾಗೋದ್ವು." ಆಮೇಲೆ ನನಗೆ ಸಮಾಧಾನ ಹೇಳುವವನ ಹಾಗೆ ಅಂದ: "ನೀವು ಯೋಳ್ದಂಗೆ ಮಾತ್ರೆ ಒಂದೊತ್ತೂ ತಪ್ಸಿರ್ಲಿಲ್ಲ ಸಾ. ಏನ್ ತಿಂದ್ಲೋ ಏನೋ."

ಆಗ ಬಾಯಿಬಿಡಬೇಕಿತ್ತು. ತಿಂದಿದ್ದು ನಾನು ಕೊಟ್ಟ ಮಾತ್ರೆ, ಬಿಡಬೇಡ ಅಂದವನೂ ನಾನೇ ಅಂತ ಹೇಳಬೇಕಿತ್ತು. ಡ್ರಾಪ್ಸ್ ಕೊಟ್ಟೆ. ಬಿಸಿಲಿಗೆ ಬಿಡಬೇಡಿ ಅಂದೆ. ಬಿಸಿಲಿನದೇ ತಪ್ಪು ಅನ್ನುವ ಹಾಗೆ.

ಆ ತಿಂಗಳೂ ಹಸಿರು ಗುಂಡಿ ಒತ್ತಿದೆ. ಹಾಸನದವರು ನೋಡಿದ್ದಾರೆ, ಅವರೇ ವರದಿ ಹಾಕಿರುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಅಲ್ಲಿಯವರು, ಮಾತ್ರೆ ಕೊಟ್ಟವರು ಹಾಕಿರುತ್ತಾರೆ ಅಂದುಕೊಂಡಿದ್ದರು ಅಂತ ನನಗೆ ತಿಳಿದಿದ್ದು ಬಹಳ ತಡವಾಗಿ. ಯಾರೂ ಹಾಕಿರಲಿಲ್ಲ.

ಮುಂದಿನ ವರ್ಷ ಹಾಸನದಲ್ಲಿ ಒಂದು ಸಭೆ. 'ಒಂದು ತಿಂಗಳೂ ತಪ್ಪದೆ ಸಕಾಲದಲ್ಲಿ ವರದಿ ಸಲ್ಲಿಸಿದವರು' ಅಂತ ನನ್ನನ್ನು ವೇದಿಕೆಗೆ ಕರೆದು ಪ್ರಶಂಸಾಪತ್ರ ಕೊಟ್ಟರು. ಎಲ್ಲ ತಿಂಗಳೂ ಸೊನ್ನೆ ಅನ್ನುವುದನ್ನು ಯಾರೂ ನೋಡಿರಲಿಲ್ಲ, ಹೊತ್ತಿಗೆ ಸರಿಯಾಗಿ ಬಂದಿದೆ ಅನ್ನುವುದನ್ನಷ್ಟೇ ನೋಡಿದ್ದರು. ನಾನು ಫೋಟೋಗೆ ನಿಂತೆ. ಮನೆಯಲ್ಲಿ ಅದನ್ನು ಗೋಡೆಗೆ ಹಾಕಲು ಹೊರಟವರನ್ನು ಬೇಡ ಅಂತ ಗದರಿಸಿದೆ. ಏಕೆ ಅಂತ ಹೆಂಡತಿ ಕೇಳಿದ್ದಕ್ಕೆ ಮೊಳೆ ಹೊಡೆದರೆ ಸುಣ್ಣ ಉದುರುತ್ತದೆ ಅಂದೆ.

ಆ ಪತ್ರದ ದೆಸೆಯಿಂದಲೇ ಕೊನೆಗಾಲದಲ್ಲಿ ನನ್ನನ್ನು ಹಾಸನಕ್ಕೆ ಹಾಕಿದರು. ಆ್ಯಪನ್ನು ತಿದ್ದಿ ಸುಧಾರಿಸುವ ಕೆಲಸ ನಡೆದಿತ್ತು, ಅನುಭವಸ್ಥರು ಬೇಕಂತೆ. ಅದನ್ನು ನೋಡಿಕೊಳ್ಳುತ್ತಿದ್ದವರು ಜಯಶೀಲಾ ಅಂತ ಶುಶ್ರೂಷಾಧಿಕಾರಿ. ನನಗಿಂತ ಹತ್ತು ವರ್ಷ ಚಿಕ್ಕವರು, ಮುಲಾಜಿಲ್ಲದವರು. ಮೊದಲನೇ ದಿನವೇ ಕೇಳಿದರು: "ಸರ್, ಆ್ಯಪಿನಲ್ಲಿರೋ ನಿಮ್ಮ ವರದಿಯೆಲ್ಲ ತೆಗೆದು ನೋಡಿದೆ. ಇಷ್ಟು ವರ್ಷದಲ್ಲಿ ನಿಮ್ಮ ಕಡೆ ಒಬ್ಬರಿಗೂ ಒಂದು ಮಾತ್ರೆಯಿಂದಲೂ ತುರಿಕೆ ಕೂಡ ಆಗಿಲ್ವಾ?"

"ಪಟ್ಟಿ ಇಂಗ್ಲಿಷಿನಲ್ಲಿತ್ತು ಸಿಸ್ಟರ್" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಆದರೆ ಆಕೆ ಅದನ್ನೇ ಹಿಡಿದುಕೊಂಡರು. ನಾವಿಬ್ಬರೂ ಎರಡು ವಾರ ಹೊರರೋಗಿಗಳ ಸಾಲಿನ ಪಕ್ಕ ಬೆಂಚು ಹಾಕಿಕೊಂಡು ಕೂತು, ಜನ ತಮ್ಮ ತೊಂದರೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಅದನ್ನೇ ಬರೆದುಕೊಂಡೆವು. ಮೈ ಜುಮ್ಮನ್ನುತ್ತೆ, ತಲೆ ಗಿರ್ರನ್ನುತ್ತೆ, ಹೊಟ್ಟೆ ತೊಳೆಸುತ್ತೆ, ಕೈಕಾಲು ಸೋಲುತ್ತೆ. ಎಲ್ಲಕ್ಕಿಂತ ಹೆಚ್ಚು ಸಲ ಬಂದಿದ್ದು ಉಷ್ಣ. ಸಾಲಗಾಮೆಯಿಂದ ಬಂದ ಒಬ್ಬ ಅಜ್ಜಿ ಅಂತೂ, "ಈ ಗುಳಿಗೆ ಉಷ್ಣ ಅಂತ ಮೂರು ತಿಂಗಳಿಂದ ಬಡ್ಕೊತಿವ್ನಿ, ಎಲ್ರೂ ಮಜ್ಗೆ ಮಜ್ಗೆ ಅಂತಾರೆ, ನಾನೇನು ಮಜ್ಗೆ ಕುಡಿಯಕ್ಕೆ ಆಸ್ಪತ್ರೆಗೆ ಬತ್ತೀನಾ?" ಅಂದಳು. ಜಯಶೀಲಾ ನಕ್ಕರು. ನಾನು ಪುಸ್ತಕ ನೋಡುತ್ತ ಕೂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು.

ಹೊಸ ಆ್ಯಪ್ ನಿಜಕ್ಕೂ ಚೆನ್ನಾಗಿದೆ, ಇದನ್ನು ನೀವು ಬಳಸುತ್ತಿದ್ದೀರಿ. ಪಟ್ಟಿ ಕನ್ನಡದಲ್ಲಿದೆ. ಬರೆಯಲು ಆಗದಿದ್ದರೆ ರೋಗಿಯೇ ಬಾಯಲ್ಲಿ ಹೇಳಬಹುದು, ದದ್ದಿನ ಫೋಟೋ ಹಾಕಬಹುದು. 'ಉಷ್ಣ' ಅಂತ ಒತ್ತಿದರೆ ಅದು ಅಲ್ಲಿಗೇ ಬಿಡುವುದಿಲ್ಲ. ಬಾಯಿಹುಣ್ಣು ಇದೆಯಾ, ಕಣ್ಣುರಿ ಇದೆಯಾ, ಜ್ವರ ಇದೆಯಾ, ಮಾತ್ರೆ ಯಾವಾಗ ಶುರುವಾಯಿತು ಅಂತ ಒಂದೊಂದೇ ಕೇಳುತ್ತದೆ. ಉತ್ತರ ಕೆಟ್ಟದಾಗಿದ್ದರೆ ಕೆಂಪು ಬಣ್ಣದಲ್ಲಿ 'ಮಾತ್ರೆ ಕೊಡಬೇಡಿ, ಈಗಲೇ ಡಾಕ್ಟರಿಗೆ ತೋರಿಸಿ' ಅಂತ ಬರುತ್ತದೆ. ಆಮೇಲೆ ರೋಗಿಯ ಹೆಸರಿಗೆ ಒಂದು ಚೀಟಿ ಹುಟ್ಟುತ್ತದೆ, ಈ ಮಾತ್ರೆ ಇವರಿಗೆ ಇನ್ನೆಂದೂ ಕೊಡಬಾರದು ಅಂತ. ಆ ನಾಲ್ಕು ಪ್ರಶ್ನೆಗಳನ್ನು ಜೋಡಿಸಿಕೊಟ್ಟವನು ನಾನೇ. ತಟಕ್ಕನೆ ಹೇಳಿದೆ, ಜಯಶೀಲಾ ಆಶ್ಚರ್ಯಪಟ್ಟರು. ಅವು ನನ್ನ ನೆನಪಿನಲ್ಲಿ ಕೂತಿದ್ದು ಪುಸ್ತಕದಿಂದಲ್ಲ ಅಂತ ಅವರಿಗೆ ತಿಳಿದಿರಲಿಲ್ಲ.

ಆ್ಯಪನ್ನು ಪರೀಕ್ಷಿಸಿ ನೋಡಲು ಹಳೆಯ ನಿಜವಾದ ಕೇಸೊಂದು ಬೇಕು ಅಂದರು ಜಯಶೀಲಾ. ನನಗೆ ಒಂದು ಗೊತ್ತಿತ್ತು. ಹನ್ನೆರಡು ದಿನ ಹೇಳಲಿಲ್ಲ. ನಿವೃತ್ತಿಗೆ ಎರಡು ತಿಂಗಳಿತ್ತು, ಹೊಸ್ತಿಲ ಮೇಲೆ ನಿಂತವನಿಗೆ ವಿಚಾರಣೆ ಯಾಕೆ ಬೇಕು ಅನ್ನುವ ಭಯ. ಹದಿಮೂರನೇ ದಿನ ಊಟದ ಡಬ್ಬಿ ಮುಚ್ಚಿಟ್ಟು ಎಲ್ಲ ಹೇಳಿದೆ.

ಆಕೆ ಹಳೆಯ ನಮೂನೆಯೊಂದನ್ನು ತೆಗೆದು ನನ್ನ ಮುಂದಿಟ್ಟರು. "ವರದಿ ಕೊಟ್ಟವರ ಮೇಲೆ ಕ್ರಮ ಇಲ್ಲ ಅಂತ ನಮೂನೆಯ ಕೆಳಗೆ ಮೊದಲಿಂದಲೂ ಅಚ್ಚಾಗಿದೆ ಸರ್. ಓದಿಲ್ವಾ?"

ಓದಿರಲಿಲ್ಲ. ಇಷ್ಟು ವರ್ಷ ಹೆದರಿಕೊಂಡಿದ್ದ ಕಾಗದವನ್ನು ಕೊನೆಯವರೆಗೆ ಓದೇ ಇರಲಿಲ್ಲ.

"ನನ್ನ ಹತ್ತಿರ ಹೇಳಿದ್ರೆ ಏನು ಬಂತು" ಅಂದರು. "ಅವರ ಮನೆಗೆ ಹೋಗಿ ಹೇಳಿ. ಅಲ್ಲೇ ಕೂತು ವರದಿ ಹಾಕಿ."

ಮುಂದಿನ ಭಾನುವಾರ ಬೆಳಿಗ್ಗೆ ಹೋದೆ. ಐದು ವರ್ಷವಾಗಿತ್ತು. ಜಗಲಿಯಲ್ಲಿ ರತ್ನಮ್ಮನ ಅತ್ತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ರತ್ನಮ್ಮ ಒಳಗಿಂದ ಬಂದರು, ಕಪ್ಪು ಕನ್ನಡಕ, ಒಂದು ಕೈ ಗೋಡೆ ಮುಟ್ಟಿಕೊಂಡು. ನನ್ನ ದನಿಯಲ್ಲೇ ಗುರುತು ಹಿಡಿದರು. "ಔಸ್ದಿ ಸಾ ಅಲ್ವಾ" ಅಂದರು. ಮೆಷಿನ್ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ನಿಂತಿತ್ತು. ಎರಡು ಮೂರು ಅಡಿ ಆಚೆಗೆ ಏನೂ ಕಾಣುವುದಿಲ್ಲವಂತೆ, ಬಿಸಿಲಿಗೆ ಬಂದರೆ ಮುಳ್ಳು ಚುಚ್ಚಿದ ಹಾಗಂತೆ.

ಹಾಸನದ ಕಾಗದ ಇದೆಯಾ ಅಂತ ಕೇಳಿದೆ. ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ಮಾತ್ರೆಯ ಹೆಸರು, ಇದನ್ನು ಇನ್ನೆಂದೂ ಕೊಡಬಾರದು ಅನ್ನುವುದು, ಎರಡೂ ಅದರಲ್ಲಿತ್ತು. ಇಂಗ್ಲಿಷಿನಲ್ಲಿ. "ಮಾತ್ರೆ ಬದಲಾಯ್ಸಿದೀವಿ ಅಂದ್ರು, ಅಷ್ಟೇ ಗೊತ್ತು" ಅಂದರು ರತ್ನಮ್ಮ. ಆಮೇಲೆ ತಡವಿಕೊಂಡು ಹೋಗಿ ಮೆಷಿನ್ನಿನ ಡ್ರಾಯರಿನಿಂದ ಏನನ್ನೋ ತಂದು ನನ್ನ ಕೈಗಿಟ್ಟರು. ನಾನು ಕೊಟ್ಟಿದ್ದ ಅದೇ ಮಾತ್ರೆಯ ಉಳಿದ ಸ್ಟ್ರಿಪ್ಪು.

"ನೀವು ಬಿಡಬ್ಯಾಡ ಅಂದಿದ್ರಲ್ಲ ಸಾ. ಫಿಟ್ಸ್ ತಿರುಗ ಬಂದ್ರೆ ಇರ್ಲಿ ಅಂತ ಎತ್ತಿಟ್ಟಿವ್ನಿ."

ಈ ಐದು ವರ್ಷದಲ್ಲಿ ಒಂದು ಸಲ ಫಿಟ್ಸ್ ಬಂದಿದ್ದರೆ, ನನ್ನ ಮಾತು ನಂಬಿ ಅದನ್ನು ನುಂಗಿದ್ದರೆ, ಈ ಹೆಂಗಸು ಉಳಿಯುತ್ತಿರಲಿಲ್ಲ. ಎಕ್ಸ್‌ಪೈರಿ ಆಗಿರುವುದರಿಂದ ಏನೂ ಬದಲಾಗುತ್ತಿರಲಿಲ್ಲ. ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು, ಎಲ್ಲಿಯೂ ನಿಲ್ಲಿಸದೆ ಹೇಳಿಬಿಟ್ಟೆ. ನಿಮಗೆ ಹೀಗಾಗಿದ್ದು ಈ ಮಾತ್ರೆಯಿಂದ. ಅವತ್ತು ನೀವು ಹೇಳಿದ್ದು ಸರಿಯಾಗಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಡಾಕ್ಟರ ಹತ್ತಿರ ಕಳಿಸಬೇಕಿತ್ತು, ಮಜ್ಜಿಗೆ ಕುಡಿ ಅಂದೆ. ಶಿವಣ್ಣ ಬಂದಾಗ ಗೊತ್ತಿದ್ದೂ ಹೇಳಲಿಲ್ಲ. ತಪ್ಪು ನನ್ನದು.

ರತ್ನಮ್ಮ ಅಳಲಿಲ್ಲ, ಬೈಯಲಿಲ್ಲ. ಇಷ್ಟೇ ಕೇಳಿದರು: "ಅಂಗಾರೆ ನಾನು ಉಳ್ಳಿಸಾರು ತಿಂದಿದ್ದುಕ್ಕೆ ಆಗಿದ್ದಲ್ವಾ ಸಾ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಕಾಯಿಲೆ ಶುರುವಾದ ಹಿಂದಿನ ದಿನ ತವರಿನಲ್ಲಿ ಹುರುಳಿಕಾಳಿನ ಸಾರು ಉಂಡು ಬಂದಿದ್ದರಂತೆ. ಮಾತ್ರೆಯೇ ಉಷ್ಣ, ಅದರ ಮೇಲೆ ಹುರುಳಿ ತಿಂದು ಕಣ್ಣು ಕಳಕೊಂಡಳು, ಬಾಯಿಚಪಲಕ್ಕೆ ಮನೆ ಹಾಳು ಮಾಡಿದಳು ಅಂತ ಮನೆಯಲ್ಲಿ ಮಾತಾಯಿತು, ಊರಲ್ಲೂ ಮಾತಾಯಿತು. ಮಗಳ ನಿಶ್ಚಿತಾರ್ಥದಲ್ಲೂ ಯಾರೋ ಅದನ್ನೇ ಎತ್ತಿ ಆಡಿದರಂತೆ. ಇದನ್ನೆಲ್ಲ ಅವರು ದೂರಿನ ಹಾಗೆ ಹೇಳಲಿಲ್ಲ. ತನ್ನ ತಪ್ಪಿನ ಲೆಕ್ಕವನ್ನು ಒಪ್ಪಿಸುವವರ ಹಾಗೆ ಹೇಳಿದರು. ಅವತ್ತಿನಿಂದ ಹುರುಳಿ, ಮಾವಿನಹಣ್ಣು, ಮೊಟ್ಟೆ ಯಾವುದನ್ನೂ ಮುಟ್ಟಿಲ್ಲವಂತೆ.

"ಅಲ್ಲಮ್ಮ. ಸಾರಿನಿಂದ ಅಲ್ಲ. ನಿನ್ನಿಂದ ಏನೂ ಆಗಿಲ್ಲ" ಅಂದೆ. ಅಷ್ಟು ಹೇಳುವುದಕ್ಕೆ ಒಂದು ನಿಮಿಷ ಸಾಕಾಯಿತು. ಐದು ವರ್ಷದ ಹಿಂದೆಯೂ ಅಷ್ಟೇ ಸಾಕಾಗುತ್ತಿತ್ತು.

ಅಲ್ಲೇ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ವರದಿ ಹಾಕಿದೆ. ಮಾತ್ರೆ ಕೊಟ್ಟವರು ಅನ್ನುವ ಕಡೆ ನನ್ನ ಹೆಸರು ಬರೆದೆ. ಆ ಮಾತ್ರೆಯ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ತೋರಿಸಿ ಅಂತ ರತ್ನಮ್ಮನ ಕೈಗೆ ಕೊಟ್ಟೆ. "ಓಗ್ಲಿ ಬುಡಿ ಸಾ, ನೀವಾರೂ ಬಂದ್ರಲ್ಲ" ಅಂದರು. ಆ ಮಾತಿಗಿಂತ ಎರಡು ಏಟು ಹಾಕಿದ್ದರೆ ಹಗುರಾಗುತ್ತಿದ್ದೆ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಕೈ ಯಾವಾಗಲೋ ನಿಂತಿತ್ತು. ನಾನು ಏಳುವಾಗ ತಲೆ ಎತ್ತಿ ನೋಡಿದರು. ಎಪ್ಪತ್ತು ದಾಟಿದ ಮುದುಕಿ, ಕಣ್ಣಲ್ಲಿ ನೀರು ತುಂಬಿತ್ತು.

"ಐದು ವರ್ಸ ಇವ್ಳುನ್ನ ನಾನು ಬಾಯಿಗೆ ಬಂದಂಗೆ ಅಂದಿವ್ನಿ ಕಣಪ್ಪ" ಅಂದರು. "ತಟ್ಟೆ ಮುಂದೆ ಕೂತೋಳಿಗೆ ಅಂದಿವ್ನಿ. ನೀನು ಅವತ್ತೇ ಬಂದು ಒಂದು ಮಾತು ಯೋಳಿದ್ರೆ, ನಾನ್ಯಾಕೆ ಅಂತಿದ್ದೆ?"

ನಾನು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಹಾಗೇ ನಿಂತೆ. ರತ್ನಮ್ಮ ಗೋಡೆ ಹಿಡಿದುಕೊಂಡು ಬಂದು ಅತ್ತೆಯ ಪಕ್ಕದಲ್ಲಿ ಕೂತರು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು ಕಾಯಿ ಸುಲಿಯಲು ಶುರುಮಾಡಿದರು. ಆ ಇಬ್ಬರೂ ಆಮೇಲೆ ನನ್ನ ಕಡೆ ನೋಡಲಿಲ್ಲ.